ತೆರಿಗೆ ಕಟ್ಟಲು ಹೊರಟ ಹೊರಿಗುಚಿ

ಒಣಮೀನಿನ ವ್ಯಾಪಾರಿ ಹೊರಿಗುಚಿ ತನ್ನ ಸ್ಕೂಟರಿನ ತೆರಿಗೆ ಕಟ್ಟಿರಲಿಲ್ಲ. ಬೆಳಿಗ್ಗೆ ಪುರಸಭೆಯಿಂದ ಕೆಂಪಕ್ಷರದ ಜ್ಞಾಪನಾ ಪತ್ರ ಬಂದದ್ದೇ ತಡ, ಮೀನು ಹರವುತ್ತಿದ್ದ ಕೈಯನ್ನು ಒರೆಸಿಕೊಂಡು, ಯೆನ್ ನೋಟುಗಳನ್ನು ಜೇಬಿಗೆ ತುರುಕಿ, ಪತ್ರ ಹಿಡಿದು ಹೊರಟ.

ಬಾಗಿಲಲ್ಲೇ ಪಕ್ಕದ ಮನೆಯ ಶಿಮೊಡಾ ಅಜ್ಜಿ ಸಿಕ್ಕಳು. ಅವಳ ಕುತೂಹಲ ಬೆಕ್ಕಿನ ಮೂಗಿನ ಹಾಗೆ. ಮುಚ್ಚಿಟ್ಟ ಪಾತ್ರೆ ಕಂಡರೇ ಅದಕ್ಕೆ ಹಸಿವು.

"ಕೈಯಲ್ಲೇನಪ್ಪಾ ಅದು?"

"ತೆರಿಗೆ ಬಾಕಿ ಅಜ್ಜಿ. ಕಟ್ಟಿ ಬರ್ತೀನಿ."

ಅಜ್ಜಿ ಕಾಗದ ಕಸಿದುಕೊಂಡು ಮೂಸಿಯೂ ನೋಡಿದಳು. "ಅಯ್ಯೋ ಪೆದ್ದೇ, ಇದು ಮೋಸದವರ ಕೆಲಸ ಕಣೋ. ಇಂಥ ಕಾಗದ ನಂಬಬೇಡಿ ಅಂತ ದಿನಾ ಸಂಜೆ ಊರಿನ ಮೈಕಲ್ಲಿ ಕೂಗ್ತಾರಲ್ಲ, ಕೇಳ್ಸಲ್ವಾ ನಿಂಗೆ?"

"ಸ್ಕೂಟರ್ ನಂದೇ ಅಜ್ಜಿ. ಕಟ್ಟಿಲ್ಲ ಅನ್ನೋದೂ ನಿಜ."

"ಹಂಗೆ ನಂಬಿಸೋದೇ ಅವರ ಜಾಣತನ."

ಆ ಊರಲ್ಲಿ ಮೂಲೆಯಂಗಡಿಯಲ್ಲೂ ತೆರಿಗೆ ಕಟ್ಟಿಸಿಕೊಳ್ಳುತ್ತಿದ್ದರು. ಅಲ್ಲಿಗೆ ಹೋದ ಹೊರಿಗುಚಿಯ ಬೆನ್ನಿಗೇ ಬಂದ ಅಜ್ಜಿ ಗಲ್ಲಾದ ಹುಡುಗಿಯ ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿ ಹೊರಿಗುಚಿಯನ್ನು ಕುರ್ಚಿಯಲ್ಲಿ ಕೂರಿಸಿ, ಬಿಸಿ ಚಹಾ ಕೊಟ್ಟು, ಪೊಲೀಸರಿಗೆ ಫೋನು ಮಾಡಿದಳು.

ಸೈಕಲ್ ತುಳಿದು ಬಂದ ಪೇದೆ ಮೊರಿವಾಕಿಯ ಮುಖ ಬೆಳಗುತ್ತಿತ್ತು. ಕಳೆದುಹೋದ ಕೊಡೆ ಹುಡುಕುವುದರ ಹೊರತು ಆ ಊರು ಅವನಿಗೆ ಬೇರೆ ಕೆಲಸ ಕೊಟ್ಟಿರಲಿಲ್ಲ.

"ದುಡ್ಡು ಕಟ್ಟಬೇಕು ಅಂತ ತುಂಬಾ ಅನ್ನಿಸ್ತಾ ಇದೆಯಾ ನಿಮಗೆ?" ಎಂದು ಜ್ವರದವರನ್ನು ವಿಚಾರಿಸುವಂತೆ ಕೇಳಿದ.

"ಹೌದು. ಬಾಕಿ ಇದೆಯಲ್ಲ."

"ಪಾಪ, ಪೂರ್ತಿ ವಶ ಮಾಡ್ಕೊಂಡುಬಿಟ್ಟಿದ್ದಾರೆ," ಎಂದ ಪೇದೆ ಅಜ್ಜಿಗೆ.

ಮೂವರೂ ಹಾಗೆ ಮರುಕದಿಂದ ನೋಡುತ್ತಿದ್ದರೆ, ತನಗೆ ನಿಜಕ್ಕೂ ಸ್ಕೂಟರ್ ಇದೆಯೇ ಎಂದು ಹೊರಿಗುಚಿಗೇ ಅನುಮಾನ ಬಂತು. ಕೊನೆಗೆ ಖಾತ್ರಿ ಮಾಡಿಕೊಳ್ಳಲೆಂದು ಅಜ್ಜಿ, ಪೇದೆ, ಹೊರಿಗುಚಿ ಪುರಸಭೆಗೇ ಹೋದರು.

ತೆರಿಗೆ ಕಿಟಕಿಯ ಹೆಂಗಸು ಕಾಗದ ನೋಡಿ ತಲೆಬಾಗಿದಳು. "ನಾವೇ ಕಳಿಸಿದ್ದು. ಕೆಂಪಕ್ಷರ ಆದ್ರೆ ಜನ ಬೇಗ ನೋಡ್ತಾರೆ ಅಂತ."

ಪೇದೆ ಗೋಡೆಯ ಕ್ಯಾಲೆಂಡರ್ ಓದತೊಡಗಿದ. ಹೊರಿಗುಚಿ ಗೆದ್ದವನಂತೆ ನೋಟು ಹೊರತೆಗೆದ. ಆಗ ಅಜ್ಜಿಯ ದನಿ ತೀರಾ ಸಣ್ಣಗೆ ಕೇಳಿಸಿತು.

"ಮಗಳೇ, ಇಂಥದ್ದನ್ನ ವರ್ಷಗಟ್ಟಲೆ ಹರಿದು ಕಸಕ್ಕೆ ಹಾಕಿದ್ರೆ ಏನಾಗುತ್ತೆ?"

ಹೆಂಗಸು ಹೆಸರು ಕೇಳಿಕೊಂಡು ಕಂಪ್ಯೂಟರ್ ನೋಡಿದಳು. "ನಾಳೆ ನಿಮ್ಮನೆಗೆ ಜಪ್ತಿಗೆ ಬರೋರಿದ್ವಿ ಅಜ್ಜಿ. ಇವತ್ತು ಒಂದಿಷ್ಟು ಕಟ್ಟಿದ್ರೆ ನಿಲ್ಲಿಸಬಹುದು."

ಅಜ್ಜಿ ಹೊರಿಗುಚಿಯ ಮುಖ ನೋಡಿದಳು. ಆಮೇಲೆ ಅವನ ಕೈ ನೋಡಿದಳು. "ಪಿಂಚಣಿ ಬಂದ ತಕ್ಷಣ ಕೊಡ್ತೀನಪ್ಪಾ."

ಇಲ್ಲವೆನ್ನಲು ಬಾರದ ಹೊರಿಗುಚಿಯ ಬೆರಳುಗಳು ತಾವೇ ಬಿಚ್ಚಿಕೊಂಡವು.

"ನಿಮ್ಮದು?" ಎಂದು ಕಿಟಕಿಯ ಹೆಂಗಸು ಅವನನ್ನು ಕೇಳಿದಳು.

ಅವನು ಬಾಯಿ ತೆರೆಯುವ ಮೊದಲೇ ಅಜ್ಜಿ ರಸೀದಿ ಮಡಚಿಕೊಳ್ಳುತ್ತ ಹೇಳಿದಳು: "ಇವನಿಗೆ ಇನ್ನೊಂದು ಕಾಗದ ಕಳಿಸಮ್ಮಾ. ನಂಬಿಕಸ್ಥ, ಕಟ್ತಾನೆ."