ವೇಗದ ಗುಂಡೋ, ತೂಕದ ಗುಂಡೋ

ನನ್ನ ಜೀವನದಲ್ಲಿ ನಗುವಂಥದ್ದು ಏನೇ ನಡೆದರೂ ಅದು ನಾನು ಹೆದರಿ ಬೆವೆತಿರುವ ಹೊತ್ತಿನಲ್ಲೇ ನಡೆಯುತ್ತದೆ. ನಗು ಬರುವುದು ಆಮೇಲೆ, ಜ್ವರ ಬಿಟ್ಟ ಮೇಲೆ ಹಸಿವಾದ ಹಾಗೆ. ಕೊರೊನಾ ಕಾಲದಲ್ಲಿ ಕಿಲ್ಕೆನ್ನಿ ಎಂಬ ಪರದೇಶದ ಊರಿನಾಚೆಯ ಒಂದು ಅಂಗಡಿಯಲ್ಲಿ ನಾನು ಪಿಸ್ತೂಲಿನ ಗುಂಡು ಮಾರುತ್ತಿದ್ದೆ. ಹಾಗಾಗಿ ಹೆದರಿಕೆಗೂ ಬರ ಇರಲಿಲ್ಲ, ಆಮೇಲಿನ ನಗುವಿಗೂ.

ಇಂಟರ್‌ವ್ಯೂ

ಮೈಸೂರಿನಲ್ಲಿ ನಾನು ಹನ್ನೊಂದು ವರ್ಷ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟವಳು. ನಮ್ಮವರಿಗೆ ಇಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಬಂದೆವು. ಮೂರು ತಿಂಗಳಿದ್ದು ಹೋಗಲು ಬಂದ ಅತ್ತೆ ವಿಮಾನ ನಿಂತು ಇಲ್ಲೇ ಉಳಿದರು. ಅವರಿಗೆ ಎಪ್ಪತ್ತೆರಡು ವರ್ಷ, ಜೊತೆಗೆ ಸಕ್ಕರೆ ಕಾಯಿಲೆ. ನಮ್ಮವರು ಆಸ್ಪತ್ರೆಯಿಂದ ಮನೆಗೆ ರೋಗ ತರುತ್ತಾರೇನೋ ಎಂದು ಕೂತಲ್ಲೇ ಎಣಿಸಿ ಎಣಿಸಿ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಮೊದಲ ಲಾಕ್‌ಡೌನ್ ಸಡಿಲವಾದ ಬೇಸಿಗೆಯಲ್ಲಿ ನಮ್ಮವರೇ, ಎಲ್ಲಾದರೂ ಕೆಲಸಕ್ಕೆ ಹೋಗು ಮಾರಾಯ್ತಿ, ಅಂದರು.

ಸಿಕ್ಕಿದ್ದು ಈ ಅಂಗಡಿ. ಮೀನು ಹಿಡಿಯುವ ಗಾಳ, ನಾಯಿಯ ಆಹಾರ, ಕೋಳಿಕಾಳು, ಮಳೆಯ ಬೂಟು, ಹಿಂದುಗಡೆ ಕಬ್ಬಿಣದ ಬಾಗಿಲಿನ ಕೋಣೆಯಲ್ಲಿ ಬಂದೂಕು ಮತ್ತು ಗುಂಡು. ಮಾಲೀಕರಿಗೆ ಅರವತ್ತು ದಾಟಿತ್ತು. ಬಂದೂಕಿನ ಬಗ್ಗೆ ಏನು ಗೊತ್ತು ಎಂದು ಕೇಳಿದರು. ಏನೂ ಗೊತ್ತಿಲ್ಲ ಅಂದೆ. ಮತ್ತೇನು ಗೊತ್ತು ಅಂದರು. ಫಿಸಿಕ್ಸ್ ಅಂದೆ.

ಅವರ ಮುಖ ಅರಳಿತು. ಗುಂಡಿಗೆ ವೇಗ ಮುಖ್ಯವೋ ತೂಕ ಮುಖ್ಯವೋ, ಹೇಳಿ ಎಂದರು. ನಾನು ರಟ್ಟಿನ ಡಬ್ಬಿಯ ಮೇಲೆ ಬರೆದು ತೋರಿಸಿದೆ. ತೂಕ ಎರಡರಷ್ಟಾದರೆ ಶಕ್ತಿ ಎರಡರಷ್ಟು. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಶಕ್ತಿ ಬೇಕಿದ್ದರೆ ವೇಗವೇ ಸರಿ.

ಅವರು ಆ ರಟ್ಟನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡರು. "ಮೂವತ್ತು ವರ್ಷದಿಂದ ಒಬ್ಬ ಮನುಷ್ಯನ ಹತ್ತಿರ ಇದೇ ವಾದದಲ್ಲಿ ಸೋಲ್ತಾ ಇದೀನಿ. ಸೋಮವಾರದಿಂದ ಬನ್ನಿ" ಎಂದರು.

ಆ ಮನುಷ್ಯ

ಸೋಮವಾರ ಆ ಮನುಷ್ಯನೂ ಬಂದರು. ನಿವೃತ್ತ ಹೆಡ್ಮಾಸ್ಟರು, ಎಪ್ಪತ್ತಮೂರು ವರ್ಷ, ಒಂಟಿ ಜೀವ. ಈ ದೇಶದಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದು ಸುಲಭವಲ್ಲ. ಪೊಲೀಸರ ಪರವಾನಗಿ ಬೇಕು, ಕ್ಲಬ್ಬಿಗೆ ಹೋಗಿ ಕಾಗದದ ಗುರಿಗೆ ಮಾತ್ರ ಹೊಡೆಯಬೇಕು. ಅವರು ಮೊದಲು ರೈಫಲ್ಲಿನಲ್ಲಿ, ಆಮೇಲೆ ಪಿಸ್ತೂಲಿನಲ್ಲಿ, ಮೂವತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದವರು.

ಮಾಲೀಕರು ನನ್ನನ್ನು ಪ್ಲಾಸ್ಟಿಕ್ ಪರದೆಯ ಹಿಂದೆ ನಿಲ್ಲಿಸಿ, ಹೇಳಿ ಹೇಳಿ, ಎಂದು ಕಣ್ಣಲ್ಲೇ ಹುರಿದುಂಬಿಸಿದರು. ನನಗೆ ಮಾಸ್ಕಿನೊಳಗೆ ಉಸಿರು ಕಟ್ಟುತ್ತಿತ್ತು, ಕೆಲಸ ಹೋದರೆ ಎಂಬ ಭಯ ಬೇರೆ. ಆದರೂ ಸೂತ್ರ ಬರೆದು, ವೇಗದ ಗುಂಡೇ ಮೇಲು ಎಂದು ಸಾಧಿಸಿದೆ. ಹೆಡ್ಮಾಸ್ಟರು ಒಳ್ಳೆಯ ವಿದ್ಯಾರ್ಥಿಯ ಹಾಗೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಮೇಡಂ, ನಾನು ಹೊಡೆಯೋದು ಯಾವುದಕ್ಕೆ?" ಎಂದರು.

"ಕಾಗದಕ್ಕೆ."

"ಕಾಗದಕ್ಕೆ ನೋವಾಗಬೇಕಾ, ತೂತಾದರೆ ಸಾಕಾ?"

ಅವರೇ ವಿವರಿಸಿದರು. ವೇಗದ ಗುಂಡು ಕೈಯನ್ನು ಹೆಚ್ಚು ಒದೆಯುತ್ತದೆ. ಒದೆ ತಿಂದ ಕೈ ಮತ್ತೆ ಗುರಿಗೆ ಬರಲು ಹೊತ್ತು ಹಿಡಿಯುತ್ತದೆ. ಶಬ್ದದ ವೇಗದ ಆಚೀಚೆ ಓಡುವ ಗುಂಡು ಒಂದೊಂದು ಸಲ ಒಂದೊಂದು ಕಡೆ ಬೀಳುತ್ತದೆ. ಅವರ ಪಿಸ್ತೂಲು ತೂಕದ, ನಿಧಾನದ ಗುಂಡಿಗೇ ಹೊಂದಿಕೊಂಡಿದೆ. ಕಾಗದ ತೂತು ಮಾಡಲು ಬೇಕಾದ ಶಕ್ತಿ ಅದರಲ್ಲಿ ಬೇಕಾದಷ್ಟಿದೆ. ಉಳಿದದ್ದೆಲ್ಲ ಗುರಿಯ ಹಿಂದಿನ ಮಣ್ಣಿನ ದಿಬ್ಬಕ್ಕೆ ದಾನ.

ಹೇಳಿದ್ದು ನೂರಕ್ಕೆ ನೂರು ಸರಿ. ನನ್ನದು ಮೇಷ್ಟರ ಬುದ್ಧಿ ನೋಡಿ, ಸರಿಯುತ್ತರ ಕಂಡರೆ ತಲೆ ತಾನಾಗಿ ಆಡುತ್ತದೆ. ನಾನು ತಲೆಯಾಡಿಸಿಬಿಟ್ಟೆ. ಮಾಲೀಕರು ನಿಧಾನದ ಗುಂಡಿನ ಡಬ್ಬಿ ತಂದು ಕೌಂಟರಿನ ಮೇಲಿಟ್ಟು, "ಇಷ್ಟು ವರ್ಷ ಒಬ್ಬನೇ ಸೋಲ್ತಿದ್ದೆ. ಈಗ ಜೊತೆಗೆ ಸೋಲೋಕೆ ಒಬ್ಬರನ್ನ ಸಂಬಳ ಕೊಟ್ಟು ಇಟ್ಕೊಂಡಂಗಾಯ್ತು" ಎಂದರು.

ನಲವತ್ತು ಗ್ರೇನ್

ಅದೇ ವಾರ ಒಬ್ಬ ರೈತರು ಬಂದು ಮಾಸ್ಕಿನೊಳಗಿಂದ ಏನೋ ಕೇಳಿದರು. ಇಲ್ಲಿನವರ ಇಂಗ್ಲಿಷು ಬರೀ ಬಾಯಲ್ಲಿ ಬಂದರೇ ನನಗೆ ಅರ್ಧ ತಿಳಿಯುತ್ತಿತ್ತು. ಬಟ್ಟೆಯಲ್ಲಿ ಸೋಸಿ ಬಂದರೆ ಕಾಲು ಭಾಗ. ಇನ್ನೊಂದು ಸಲ ಹೇಳಿ ಎಂದರೆ ಹನಿ ಹಾರುತ್ತದೆಂಬ ಭಯ. ಕೇಳಿಸಿದ್ದು ಎರಡೇ ಮಾತು, ನಲವತ್ತು ಮತ್ತು ಗ್ರೇನ್.

ಹಿಂದೆ ಹೋಗಿ ಇಪ್ಪತ್ತು ಕೆಜಿಯ ಕೋಳಿಕಾಳಿನ ಚೀಲ ಎರಡನ್ನು ಏದುಸಿರು ಬಿಡುತ್ತಾ ಎಳೆದುಕೊಂಡು ಬಂದು ಅವರ ಕಾಲ ಬಳಿ ಇಟ್ಟೆ. ಅವರು ಚೀಲ ನೋಡಿದರು, ನನ್ನನ್ನು ನೋಡಿದರು. "ಗ್ರಾಂಡ್", ಅಂದರೆ ಇಲ್ಲಿನವರ ಮಾತಿನಲ್ಲಿ ಆಗಲಿ, ಎಂದು ದುಡ್ಡು ಕೊಟ್ಟು, ಎರಡೂ ಚೀಲ ಹೊತ್ತುಕೊಂಡು ಹೋದರು.

ಸಂಜೆ ಮಾಲೀಕರಿಗೆ ಹೇಳಿದಾಗ ಅವರು ತಲೆ ಹಿಡಿದುಕೊಂಡರು. ಗ್ರೇನ್ ಅಂದರೆ ಕಾಳಲ್ಲ, ಗುಂಡಿನ ತೂಕದ ಅಳತೆಯಂತೆ. ನಮ್ಮ ಅಕ್ಕಸಾಲಿಗರು ಚಿನ್ನಕ್ಕೆ ಗುಲಗಂಜಿ ಇಡುತ್ತಿದ್ದರಲ್ಲ, ಅದರ ಅರ್ಧದಷ್ಟು. ಆ ಮನುಷ್ಯ ಕೇಳಿದ್ದು ಇಪ್ಪತ್ತು ಗುಲಗಂಜಿ ತೂಕದ ಗುಂಡು, ನಾನು ಕೊಟ್ಟದ್ದು ಅರ್ಧ ಕ್ವಿಂಟಲಿಗೆ ಹತ್ತಿರ ಕೋಳಿಕಾಳು.

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮಾರನೆಯ ದಿನ ಅವರು ಮತ್ತೆ ಬಂದರು. ನಾನು ಕ್ಷಮೆ ಕೇಳಿ, ಕಾಳು ವಾಪಸ್ ತಗೊಳ್ತೀನಿ ಅಂದೆ. ಬೇಡ, ಈಗ ಅದು ಬೇಕು ಅಂದರು. ನನ್ನ ಮನಸ್ಸು ನೋಯಿಸುವುದಕ್ಕೆ ಆಗದೆ ಚೀಲ ಒಯ್ದಿದ್ದರಂತೆ, ಮನೆಯಲ್ಲಿ ಹೆಂಡತಿ ಕೇಳಿದರೆ ಏನು ಹೇಳುವುದೆಂದು ತಿಳಿಯದೆ, ದಾರಿಯಲ್ಲೇ ಆರು ಕೋಳಿ ಕೊಂಡುಕೊಂಡರಂತೆ.

ಬಾಗಿಲ ಮೇಲಿನ ಎರಡು ಚೀಟಿ

ನಮ್ಮ ಅಂಗಡಿಯ ಬಾಗಿಲಿಗೆ ಎಷ್ಟೋ ವರ್ಷದಿಂದ ಒಂದು ಚೀಟಿ ಅಂಟಿಸಿತ್ತು: ಹೆಲ್ಮೆಟ್ಟು, ಮುಖದ ಮೇಲಿನ ಬಟ್ಟೆ ತೆಗೆದು ಒಳಗೆ ಬನ್ನಿ. ಬಂದೂಕಿನ ಅಂಗಡಿ, ಕಳ್ಳರ ಭಯ. ಕೊರೊನಾ ಬಂದ ಮೇಲೆ ನಾನು ಅದರ ಕೆಳಗೇ ಇನ್ನೊಂದು ಅಂಟಿಸಿದೆ: ಮುಖ ಮುಚ್ಚಿಕೊಳ್ಳದವರಿಗೆ ಪ್ರವೇಶವಿಲ್ಲ. ಮೇಲಿನದನ್ನು ಕಿತ್ತುಹಾಕಬೇಕೆಂದು ಹೊಳೆಯಲಿಲ್ಲ.

ಒಂದು ದಿನ ಒಬ್ಬ ಮುದುಕರು ಹೊರಗೆ ಮಳೆಯಲ್ಲಿ ನಿಂತು ಮಾಸ್ಕ್ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಮಾಡುತ್ತಿದ್ದರು. ನನಗೆ ಗಾಬರಿಯಾಯಿತು. ಮಾಲೀಕರನ್ನು ಕೂಗಿ, ಫೋನು ಕೈಯಲ್ಲಿ ಹಿಡಿದುಕೊಂಡೆ. ಮುದುಕರು ಗಾಜು ತಟ್ಟಿ, "ನಾನು ಕಳ್ಳನೋ ರೋಗಿಯೋ ನೀವೇ ತೀರ್ಮಾನ ಮಾಡಿ ಹೇಳಿ. ಹಾಗೇ ಬರ್ತೀನಿ" ಎಂದರು.

ಸೂತ್ರದಲ್ಲಿ ಬಿಟ್ಟುಹೋದದ್ದು

ಹೆಡ್ಮಾಸ್ಟರು ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದರು. ಬಂದರೆ ಅರ್ಧ ಗಂಟೆ ವೇಗ ಮತ್ತು ಶಕ್ತಿಯ ಜಗಳ. ಆ ದಿನಗಳಲ್ಲಿ ಅವರು ಮಾತಾಡುತ್ತಿದ್ದದ್ದು ನನ್ನೊಬ್ಬಳ ಜೊತೆಗೇ ಏನೋ. ಒಂದು ಸಲ ಅವರ ದಿನ ಬಂತು, ಅವರು ಬರಲಿಲ್ಲ. ಮೂರು ದಿನ ಕಾದು ಫೋನ್ ಮಾಡಿದೆ. ಕೆಮ್ಮಿನ ನಡುವೆ, ಪಾಸಿಟಿವ್ ಬಂದಿದೆ, ನೀವೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು.

ಹಿಂದಿನ ಸಲ ನನ್ನೆದುರು ಅರ್ಧ ಗಂಟೆ ನಿಂತಿದ್ದರು. ಮನೆಗೆ ಹೋಗಿ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡೆ. ಅತ್ತೆ ತಟ್ಟೆಯನ್ನು ಬಾಗಿಲ ಹೊರಗಿಟ್ಟು, ಇಟ್ಟಿದೀನಮ್ಮ, ಎಂದು ಕೂಗಿ ಇಳಿದುಹೋಗುವಾಗ ಅವರ ಒಂದೊಂದು ಹೆಜ್ಜೆಯನ್ನೂ ಎಣಿಸುತ್ತಿದ್ದೆ. ಅವರು ಕೆಮ್ಮಿದರೆ ಎದ್ದು ಬಾಗಿಲಿಗೆ ಕಿವಿಗೊಡುತ್ತಿದ್ದೆ. ಕೊನೆಗೆ ನನಗೆ ನೆಗೆಟಿವ್ ಬಂತು. ಅಂದೇ ಅಳುತ್ತಾ ಹೆಡ್ಮಾಸ್ಟರಿಗೆ ಫೋನ್ ಮಾಡಿದೆ. ಅವರೂ ಚೇತರಿಸಿಕೊಂಡಿದ್ದರು.

"ಮಲಗಿ ಮಲಗಿ ಲೆಕ್ಕ ಹಾಕ್ದೆ, ಟೀಚರ್" ಎಂದರು. "ಈ ವೈರಸ್ಸಿಗೆ ತೂಕ ಇಲ್ಲ, ವೇಗವೂ ಇಲ್ಲ. ಆದರೂ ನನ್ನನ್ನ ಹತ್ತು ದಿನ ಬೀಳಿಸಿತು. ನಿಮ್ಮ ಸೂತ್ರದಲ್ಲಿ ಏನೋ ಬಿಟ್ಟುಹೋಗಿದೆ."

ಐವತ್ತು

ಮತ್ತೆ ಲಾಕ್‌ಡೌನ್ ಬಂದು ಅಂಗಡಿ ಮುಚ್ಚಿತು. ಗಿರಾಕಿಗಳ ಫೋನು ನಾನು ಮನೆಯಿಂದಲೇ ತೆಗೆದುಕೊಳ್ಳುತ್ತಿದ್ದೆ. ಇಲ್ಲಿ ಕೆಲಸಕ್ಕೆ ಬಂದಿದ್ದ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಹೊಸದಾಗಿ ಪಿಸ್ತೂಲಿನ ಕ್ಲಬ್ಬು ಸೇರಿದ್ದರು. ಕ್ಲಬ್ಬು ತೆರೆದ ಮೇಲೆ ಯಾವ ಗುಂಡು ತಗೊಳ್ಳಲಿ ಎಂದು ಕನ್ನಡದಲ್ಲೇ ಕೇಳಿದರು. ನಾನೂ ಕನ್ನಡದಲ್ಲೇ ಸಮಾಧಾನವಾಗಿ ಹೇಳಿದೆ. ಗುಂಡಿನಲ್ಲಿ ಶಕ್ತಿ ಜಾಸ್ತಿ ಇದ್ದಷ್ಟೂ ಕೈ ಅದುರುತ್ತೆ, ನೀವಿನ್ನೂ ಹೊಸಬರು, ನಿಧಾನದ್ದರಲ್ಲೇ ಶುರು ಮಾಡಿ, ಒಂದು ಡಬ್ಬಿ ಅಂದರೆ ಐವತ್ತು ಗುಂಡು, ಒಂದು ಸಂಜೆಗೆ ಸಾಕು.

ಅವತ್ತಿನಿಂದ ಅತ್ತೆ ಬದಲಾದರು. ನಾನು ಇಟ್ಟ ಲೋಟ ಎತ್ತಿ ಮೂಸುತ್ತಿದ್ದರು. ನನ್ನ ಮಾಸ್ಕ್ ಮೂಸಿದರು. ಅಡುಗೆಮನೆಯ ಕಪಾಟು ಒಂದೊಂದನ್ನೇ ತೆಗೆದು ಮೂಸಿದರು. ವಾಸನೆ ಹೋಗುವುದೇ ಈ ರೋಗದ ಲಕ್ಷಣ. ಅವರಿಗೆ ವಾಸನೆ ತಿಳಿಯುತ್ತಿಲ್ಲ, ಹೇಳಲು ಹೆದರಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಬೆಳಿಗ್ಗೆ ನನಗೇ ಏಕೋ ನಿಂಬೆಹಣ್ಣು ಹಿಂಡಿದ ಮಜ್ಜಿಗೆ ಬೇರೆ ಕೊಡುತ್ತಿದ್ದರು. ವಾರ ಕಳೆಯಿತು. ತಡೆಯಲಾರದೆ ನಮ್ಮವರಿಂದ ಟೆಸ್ಟ್ ಕಿಟ್ ತರಿಸಿ ಅತ್ತೆಯ ಮುಂದೆ ಕೂತೆ.

"ಪರೀಕ್ಷೆ ಬೇಕಾಗಿರೋದು ನನಗಲ್ಲಮ್ಮ" ಎಂದರು ಅತ್ತೆ. ಅವರ ಕಣ್ಣು ತುಂಬಿತ್ತು. "ನಾನು ಹಳೇ ಕಾಲದವಳೇ. ಆದರೂ ಕಾಯಿಲೆ ಕಾಲ, ಊರಲ್ಲದ ಊರು, ಬೇಜಾರಿಗೆ ಯಾವಾಗಲೋ ಒಂದು ಹಾಕ್ಕೊಂಡರೆ ನಾನೇನೂ ಅನ್ನಲ್ಲ. ಆದರೆ ಒಂದು ಸಂಜೆಗೆ ಐವತ್ತು ಗುಂಡು, ಅದನ್ನ ಹೊಸಬರಿಗೆ ಬೇರೆ ಕಲಿಸಿಕೊಡೋದಾ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವರಿಗೆ ನಾವು ಹೇಳಿದ್ದು ಸ್ಪೋರ್ಟ್ಸ್ ಅಂಗಡಿ ಎಂದಷ್ಟೇ. ಬಂದೂಕು ಅಂದರೆ ಎಲ್ಲಿ ಹೆದರುತ್ತಾರೋ ಎಂದು ಆರು ತಿಂಗಳು ಮುಚ್ಚಿಟ್ಟಿದ್ದೆವು. ಈಗ ಬೇರೆ ದಾರಿ ಇರಲಿಲ್ಲ. ಅಂಗಡಿಯ ಕ್ಯಾಟಲಾಗ್ ತೆಗೆದು, ಪಿಸ್ತೂಲಿನ ಚಿತ್ರ, ಡಬ್ಬಿಯ ಚಿತ್ರ, ಸೀಸದ ಗುಂಡಿನ ಚಿತ್ರ ಎಲ್ಲಾ ತೋರಿಸಿದೆ. ಅವರ ರಕ್ತದೊತ್ತಡ ಏರಿದರೆ ಎಂದು ನಮ್ಮವರು ಪಕ್ಕದಲ್ಲೇ ನೀರು ಹಿಡಿದು ನಿಂತಿದ್ದರು.

ಅತ್ತೆ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಎದೆಯ ಮೇಲೆ ಕೈಯಿಟ್ಟು ದೊಡ್ಡದೊಂದು ಉಸಿರು ಬಿಟ್ಟರು. ನೀರು ಬೇಡ ಎಂದು ಎದ್ದುಹೋಗಿ, ಮೈಸೂರಿನಲ್ಲಿರುವ ತಂಗಿಗೆ ಫೋನ್ ಹಚ್ಚಿದರು. ವಾರದ ಹಿಂದೆಯೇ ವಿಷಯ ಅಲ್ಲಿಗೆ ಮುಟ್ಟಿಸಿಯಾಗಿತ್ತು ಎಂದು ನಮಗೆ ಗೊತ್ತಾದದ್ದು ಆಗ.

"ನೆಮ್ಮದಿಯಾಗಿ ಊಟ ಮಾಡೇ. ನಮ್ಮ ಸೊಸೆ ಅಂಥವಳಲ್ಲ" ಎಂದರು. "ಬರೀ ಪಿಸ್ತೂಲಿಗೆ ಗುಂಡು ಮಾರ್ತಾಳೆ, ಅಷ್ಟೇ."