ಗಿರಿಜಕ್ಕನನ್ನು ಅಡಗಿಸಿದ್ದು

ಹೆಸರಿಡುವುದರಲ್ಲಿ ನನ್ನಷ್ಟು ಸೋಮಾರಿ ಇನ್ನೊಬ್ಬನಿಲ್ಲ. ನಮ್ಮ ಮನೆಯ ಬೆಕ್ಕಿನ ಹೆಸರು ಬೆಕ್ಕು. ಮಗಳಿಗೆ ಹೆಸರು ಹುಡುಕುವ ಕೆಲಸವನ್ನು ಹೆಂಡತಿ ನನಗೆ ಬಿಡದಿದ್ದುದು ಮಗುವಿನ ಪುಣ್ಯ. ತೆಕ್ಕಟ್ಟೆಯಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಸಣ್ಣ ಕಚೇರಿಯೊಂದರಲ್ಲಿ ಲೈನು ನೋಡಿಕೊಳ್ಳುವವ ನಾನು. ಯಾರ ಮನೆಯಲ್ಲಿ ರೂಟರ್ ಕೂರಿಸಿದೆನೋ ಆ ಮನೆಯೊಡತಿಯ ಹೆಸರನ್ನೇ ಅದಕ್ಕೂ ಇಟ್ಟುಬಿಡುತ್ತಿದ್ದೆ. ಕುಂಭಾಶಿಯ ರೂಟರಿಗೆ ಹಾಗೆ ‘ಗಿರಿಜಕ್ಕ’ ಎಂದು ಹೆಸರು ಬಿತ್ತು. ಅಲ್ಲಿಂದ ಲೈನು ಹೋಗುವುದು ಪಕ್ಕದ ಜಲಜಕ್ಕನ ಮನೆಗೆ. ಗಿರಿಜಕ್ಕನ ತೆಂಗಿನ ಮಡಲು ಜಲಜಕ್ಕನ ಬಸಳೆ ಚಪ್ಪರದ ಮೇಲೆ ಬಿದ್ದಂದಿನಿಂದ ಇಬ್ಬರಿಗೂ ಮಾತಿಲ್ಲವೆಂಬುದು ನನಗೇನು ಗೊತ್ತು?

ಮುಂಬೈಯಿಂದ ಬಂದಿದ್ದ ಜಲಜಕ್ಕನ ಅಳಿಯ, ನೆಟ್ ಯಾವ ದಾರಿಯಾಗಿ ಬರುತ್ತದೆಂದು ತೋರಿಸುವ ಸಾಧನವನ್ನು ಲ್ಯಾಪ್‌ಟಾಪಿನಲ್ಲಿ ಓಡಿಸಿದ. ದಾರಿಯಲ್ಲಿ ಗಿರಿಜಕ್ಕ ಕೂತಿದ್ದರು. ಮರುದಿನವೇ ಜಲಜಕ್ಕ ಕಚೇರಿಗೆ ಬಂದರು.

“ಹ್ವಾಯ್, ಅವ್ಳ್ ಮನಿ ಮೇಲ್ ಬಪ್ಪ ನೆಟ್ ನಂಗ್ ಬ್ಯಾಡ. ಲೈನ್ ಬಿಚ್ಚಿ.”

“ಬೇರೆ ದಾರಿ ಇಲ್ಲೆ ಜಲಜಕ್ಕ.”

“ಹಂಗಾರೆ ಅವ್ಳ್ ಹೆಸ್ರ್ ಕಾಂಬುಕಾಗ.”

ಹೆಸರು ಬದಲಿಸಿದ್ದರೆ ಮುಗಿಯುತ್ತಿತ್ತು. ಆದರೆ ಕಲಿತ ವಿದ್ಯೆ ಸುಮ್ಮನಿರಗೊಡಬೇಕಲ್ಲ. ನೆಟ್ಟಿನಲ್ಲಿ ಹೋಗುವ ಮಾಹಿತಿಯ ಒಂದೊಂದು ಪೊಟ್ಟಣವೂ ಒಂದು ಸಂಖ್ಯೆ ಹೊತ್ತು ಹೊರಡುತ್ತದೆ. ದಾರಿಯ ಪ್ರತಿ ರೂಟರೂ ಅದರಲ್ಲಿ ಒಂದನ್ನು ಕಳೆಯುತ್ತದೆ. ಯಾರ ಬಳಿ ಸೊನ್ನೆಯಾಯಿತೋ ಆ ರೂಟರ್ ತನ್ನ ಗುರುತು ಹೇಳುತ್ತದೆ. ಏನನ್ನೂ ಕಳೆಯದೆ ದಾಟಿಸಿಬಿಡು ಎಂದು ಗಿರಿಜಕ್ಕನ ರೂಟರಿಗೆ ಕಲಿಸಿದೆ. ಸಾಧನದ ಕಣ್ಣಿಗೆ ಅದು ಮಾಯ. ಜಲಜಕ್ಕ ಹಾಲ್ಬಾಯಿ ಕಳಿಸಿದರು. ತಿಂದು, ಹೆಮ್ಮೆಪಟ್ಟು, ಮರೆತುಬಿಟ್ಟೆ.

ಮುಂಬೈಯಲ್ಲಿ ಜಲಜಕ್ಕನ ಮೊಮ್ಮಗುವಿನ ನಾಮಕರಣ. ಆ ಬೆಳಿಗ್ಗೆ ಅವರ ಫೋನು: “ನೆಟ್ ಹೋಯ್ತ್ ಮರ್ರೆ. ಅಲ್ಲಿ ಮಗೂನ ತೊಟ್ಲಿಗ್ ಹಾಕು ಹೊತ್ತಾಯ್ತ್.” ದನಿ ಅಳುವಂತಿತ್ತು. ಗಡಿಬಿಡಿಯಲ್ಲಿ ಅದೇ ಸಾಧನ ಓಡಿಸಿದೆ. ತೆಕ್ಕಟ್ಟೆಯವರೆಗೆ ಸರಿ, ಆಮೇಲೆ ಏನೂ ಇಲ್ಲ. ನಾನೇ ಅಡಗಿಸಿಟ್ಟ ಗಿರಿಜಕ್ಕ ನೆನಪಿಗೇ ಬರಲಿಲ್ಲ. ನಡುವೆ ವಯರೇ ತುಂಡಾಗಿರಬೇಕೆಂದು ಏಣಿ ಹೊತ್ತು ಹೆದ್ದಾರಿಯ ಕಂಬಕಂಬ ಹತ್ತಿದೆ. ಹರಿದದ್ದು ನನ್ನ ಪ್ಯಾಂಟು ಮಾತ್ರ.

ಕುಂಭಾಶಿ ತಲುಪಿದರೆ ಜಲಜಕ್ಕನ ಮನೆಗೆ ಚಿಲಕ. ಪಕ್ಕದ ಮನೆಯಿಂದ ತೊಟ್ಟಿಲ ಹಾಡು ಕೇಳಿಸಿತು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಮೊಬೈಲಿನಲ್ಲಿ ಮಗುವನ್ನು ನೋಡುತ್ತಿದ್ದರು.

“ಗ್ರೈಂಡರಿಗೆಂದ್ ನಾನೇ ನಿಮ್ಮ್ ಪೆಟ್ಗಿ ಪ್ಲಗ್ ತೆಗ್ದಿದ್ದೆ. ಇವ್ರ್ ಬಂದ್ ಹೇಳ್ದ್ ಮೇಲೆ ಹಾಕ್ದೆ,” ಎಂದರು ಗಿರಿಜಕ್ಕ.

“ನಿಮ್ಗೆ ಹ್ಯಾಂಗ್ ಗೊತ್ತಾಯ್ತ್?” ಎಂದು ಜಲಜಕ್ಕನನ್ನು ಕೇಳಿದೆ.

“ಹೆಸ್ರ್ ಕಾಣ್ದಿರೆ ಪೆಟ್ಗಿ ಇಲ್ದೆ ಹೋತ್ತಾ? ನಿಮ್ಮನ್ನ್ ಕಾದ್ ಕಾದ್ ಸಾಕಾಯ್ತ್, ಬೇಲಿ ದಣಪೆ ದಾಟಿ ಬಂದೆ. ಕೂಕಣಿ, ಮಗು ಕಾಣಿ.”

ಹೊರಡುವಾಗ ಗಿರಿಜಕ್ಕ, “ಇನ್ ನನ್ ಹೆಸ್ರ್ ಹಾಕ್ಲಕ್ಕ್ ಅಂಬ್ರ್ ಅವ್ರ್,” ಎಂದರು. ಒಪ್ಪಿಕೊಂಡು ಬಂದೆ. ಅಡಗಿಸಿದ್ದು ಹೇಗೆಂದು ನನಗೇ ಮರೆತುಹೋಗಿದೆ ಎಂದು ಇನ್ನೂ ಹೇಳಿಲ್ಲ. ಹೆಸರು ಯಾವಾಗ ಕಾಣಿಸುತ್ತದೆಂದು ಈಗ ಇಬ್ಬರೂ ಒಟ್ಟಾಗಿ ಫೋನ್ ಮಾಡಿ ಕೇಳುತ್ತಾರೆ.