ಹೂಂಗುಟ್ಟುವ ಬಾವಿ

ಯಾರಾದರೂ ಮಾತಾಡುತ್ತಿದ್ದರೆ ನಡುವೆ ಬಾಯಿ ಹಾಕದೆ ಇರುವುದು ನನ್ನ ಕೈಲಾಗದ ಕೆಲಸವಾಗಿತ್ತು. ಸೊಸೆ ಮಂಜುಳ 'ಅತ್ತೆ' ಎನ್ನುವಷ್ಟರಲ್ಲಿ ನನ್ನ ಬುದ್ಧಿಮಾತು ಅರ್ಧ ಮುಗಿದಿರುತ್ತಿತ್ತು. ಹಾಗಾಗಿ ಅವಳು ಮನೆಯಲ್ಲಿ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಬಾಯಿ ಹಾಕುವುದಕ್ಕೂ ಒಂದು ಓದು ಇದೆಯೆಂದು ತಿಳಿಸಿದವಳು ನಮ್ಮ ಮಹಡಿಯ ಬಾಡಿಗೆ ಹುಡುಗಿ ಶ್ರುತಿ. ಸಮಾಜಶಾಸ್ತ್ರವಂತೆ. "ಅಜ್ಜಿ, ಬರೀ ನೋಡ್ತಾ ಕೂತ್ರೆ ಆಗಲ್ಲ. ನಾವು ಮಧ್ಯೆ ಕೈ ಹಾಕ್ಬೇಕು, ಆಮೇಲೆ ಜನ ಹೇಗೆ ಬದಲಾಗ್ತಾರೆ ನೋಡ್ಬೇಕು" ಎಂದಳು. ನಾನು ಮದುವೆಯಾದಾಗಿನಿಂದ ಮಾಡಿದ್ದು ಅದನ್ನೇ, ಡಿಗ್ರಿ ಕೊಟ್ಟವರಿಲ್ಲ.

ಹೂಡಿಯ ನಮ್ಮ ಗಲ್ಲಿಯ ಹೆಂಗಸರು ಕೂತು ಮಾತಾಡಲೆಂದು ಶ್ರುತಿ ತನ್ನ ಓದಿನ ಪ್ರಯೋಗವೆಂದು ಬೇವಿನ ಮರದಡಿ ಸಿಮೆಂಟ್ ಬೆಂಚು ಹಾಕಿಸಿದಳು. ಅಲ್ಲಿ ಮೊದಲು ನಮ್ಮ ಬಾವಿಯಿತ್ತು. ಮುಚ್ಚುವಾಗ, ಬಾವಿಗೆ ಉಸಿರಾಡಲು ದಾರಿ ಇರಬೇಕೆಂದು ಒಂದು ಪೈಪು ನಿಲ್ಲಿಸಿದ್ದೆವು. ಬೆಂಚು ಬಿದ್ದದ್ದು ಅದರ ಪಕ್ಕಕ್ಕೇ. ಅಲ್ಲಿ ಕೂತು ಯಾರು ಮಾತಾಡಿದರೂ, ಮಾತು ನಿಂತ ಕಡೆ ಸರಿಯಾಗಿ, ಪೈಪು 'ಹೂಂ' ಎನ್ನತೊಡಗಿತು. ಕಥೆ ಕೇಳುವವರು ಅನ್ನುವ ಹಾಗೆ. ಗಾಳಿ ಎಂದಳು ಶ್ರುತಿ. ಬೇವಿನ ಎಲೆ ಅಲುಗುತ್ತಿರಲಿಲ್ಲ. ಹೆಂಗಸರು ಒಬ್ಬರೊಡನೊಬ್ಬರು ಮಾತಾಡುವುದು ಬಿಟ್ಟು, ಒಬ್ಬೊಬ್ಬರೇ ಬಂದು ಪೈಪಿಗೆ ಹೇಳಿಕೊಳ್ಳತೊಡಗಿದರು. ಮಂಜುಳ ದಿನಾ ಮಧ್ಯಾಹ್ನ ಹೋಗುತ್ತಿದ್ದಳು.

"ಆ ತೂತಿಗೆ ಏನೇ ಹೇಳ್ಕಂತೀಯ?" ಎಂದೆ.

"ಅದು ನಡುವೆ ಬಾಯಿ ಹಾಕಲ್ಲ ಅತ್ತೆ."

ಹೊಟ್ಟೆ ಉರಿಯಿತು. ನೆಲದೊಳಗೆ ಇರುವುದಕ್ಕೆ ಸೊಸೆಯನ್ನು ಬಿಟ್ಟುಕೊಡುವುದೇ? ಹಳೆಯ ಸೀರೆಯ ತುಂಡೊಂದನ್ನು ಪೈಪಿಗೆ ತುರುಕಿದೆ. ಕೊನೆಯ ಗೇಣು ನಾನು ತಳ್ಳಲಿಲ್ಲ, ಒಳಗಿನಿಂದಲೇ ಎಳೆದುಕೊಂಡಿತು, ತುದಿಯ ಅಂಚಷ್ಟೇ ಹೊರಗುಳಿಯಿತು.

ಅಂದು ಮಂಜುಳ ಬೆಂಚಿನಿಂದ ಬೇಗ ಮರಳಿದಳು. ಅವರೆಕಾಯಿ ಬಿಡಿಸುತ್ತ ತಾನಾಗಿಯೇ ಶುರು ಮಾಡಿದಳು: "ಅತ್ತೆ, ಪಾಪು ಸ್ಕೂಲಿಗೆ ಹೋಗ್ತಾನಲ್ಲ, ನಾನು ಮತ್ತೆ ಗಾರ್ಮೆಂಟ್ಸ್ ಕೆಲ್ಸಕ್ಕೆ ಹೋಗ್ಲಾ?" ಬೇಡ ಎನ್ನಲು ಬಾಯಿ ತೆರೆದೆ. ಬಂದದ್ದು 'ಹೂಂ'. ನನ್ನ ದನಿಯಲ್ಲ, ತಣ್ಣಗೆ, ಆಳದಿಂದ, ನಾಲಿಗೆಯ ಮೇಲೆ ಪಾಚಿಯ ರುಚಿ ಬಿಟ್ಟು ಬಂದ ದನಿ. ಮತ್ತೆ ತೆರೆದೆ, ಮತ್ತೆ ಅದೇ. ಅವಳು ಅತ್ತು, ನಕ್ಕು, ಎಲ್ಲ ಹೇಳಿಕೊಂಡಳು. ಈಗ ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಬಂದವಳೇ ನನ್ನ ಪಕ್ಕ ಕೂರುತ್ತಾಳೆ. ಬಟ್ಟೆ ಕಿತ್ತರೆ ನನ್ನ ಬಾಯಿ ನನಗೆ ವಾಪಸ್ಸು ಬರಬಹುದು. ಆದರೆ ಅವಳು ಮತ್ತೆ ಅಲ್ಲಿಗೇ ಹೋಗಿಬಿಟ್ಟರೆ? ಕೀಳಲಿಲ್ಲ.

ಮೊನ್ನೆ ಶ್ರುತಿ ಕುಣಿದುಕೊಂಡು ಬಂದಳು. "ನೋಡಿದ್ರಾ ಅಜ್ಜಿ, ಒಂದು ಬೆಂಚು ಹಾಕಿದ್ದಕ್ಕೆ ಮನೇನೇ ಬದಲಾಯ್ತು! ಎಲ್ಲಾ ಆ ಬೆಂಚಿಂದಾನೇ ಅಲ್ವಾ?"

ಬೆಂಚಿನದಲ್ಲ ಕಣೇ ಎಂದು ತಿದ್ದಲು ಬಾಯಿ ತೆರೆದೆ.

'ಹೂಂ' ಎಂದಿತು.